ಎರಡು ಪಟ್ಟಿಗಳು

ನಮ್ಮಕ್ಕ ತೀರಿಹೋದದ್ದು 2016ರಲ್ಲಿ. ಹದಿನೈದು ದಿನ ಕಳೆದ ಮೇಲೆ ಅವಳ ತಗಡಿನ ಟ್ರಂಕು ತೆಗೆದಾಗ ರೇಷ್ಮೆ ಸೀರೆಗಳ ಅಡಿಯಲ್ಲಿ ಒಂದು ಕಂದು ಬಣ್ಣದ ಲಕೋಟೆ ಸಿಕ್ಕಿತು. ಅದರಲ್ಲಿ ಎರಡು ಪಟ್ಟಿಗಳಿದ್ದವು. ಒಂದು, ಟೈಪ್ ಮಾಡಿದ ನಾಲ್ಕು ಹಾಳೆಗಳ ಸಾಮಾನಿನ ಪಟ್ಟಿ: ಸೋಫಾ ಒಂದು ಜೊತೆ, ಫ್ಯಾನು ಆರು, ಪರದೆ ಹದಿನಾಲ್ಕು, ಊಟದ ಪಿಂಗಾಣಿ ತಟ್ಟೆ ನಲವತ್ತೆಂಟು, ಚಮಚ ಒಂದು ಡಜನ್, ಹೀಗೆ. ಇನ್ನೊಂದು, ಯಾವುದೋ ಪುಸ್ತಕದಿಂದ ಹರಿದ ಹಾಳೆ. ಅದರಲ್ಲಿ ಸಾಲಾಗಿ ಗಂಡಸರ ಹೆಸರುಗಳು, ವಯಸ್ಸು, ಓದು, ಹುದ್ದೆ, ಎದುರಿಗೆ ವರ್ಷದ ಸಂಬಳ. ಒಂಬತ್ತನೆಯ ಹೆಸರು ನಮ್ಮ ಭಾವನದು. ಅದರ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿತ್ತು.

ಮೂವತ್ತು ವರ್ಷ ಕಾಲೇಜು ಹುಡುಗಿಯರಿಗೆ ಚರಿತ್ರೆ ಪಾಠ ಹೇಳಿದವಳು ನಾನು. ಅಶೋಕನ ಶಾಸನ, ಹೊಯ್ಸಳರ ದತ್ತಿ, ಥಾಮಸ್ ಮನ್ರೋನ ಕಂದಾಯ ಎಲ್ಲ ಹೇಳಿದ್ದೇನೆ. ಆದರೆ ನಮ್ಮ ಮನೆಯ ಟ್ರಂಕಿನಲ್ಲಿದ್ದ ಈ ಎರಡು ಹಾಳೆಗಳ ಹಿಂದೆಯೂ ಒಂದು ಚರಿತ್ರೆ ಇದೆ ಎಂದು ಹೊಳೆದದ್ದು ನಿವೃತ್ತಿಯಾದ ಮೇಲೆ, ಅವನ್ನು ಮಡಿಲಲ್ಲಿಟ್ಟುಕೊಂಡು ಕೂತಾಗ.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. 1962ರಲ್ಲಿ ಅವಳ ಮದುವೆಯಾದಾಗ ಭಾವ ಒಂದು ದೊಡ್ಡ ಕಂಪನಿಯಲ್ಲಿ ಸಣ್ಣ ಅಧಿಕಾರಿ. ಅರ್ಧಕ್ಕಿಂತ ಹೆಚ್ಚು ಬಂಡವಾಳ ವಿಲಾಯಿತಿಯದಾಗಿದ್ದ ಕಂಪನಿ ಅದು. ಅದರ ಹೆಸರು ಇಲ್ಲಿ ಬೇಡ. ಒಂದೊಂದೇ ಮೆಟ್ಟಿಲು ಹತ್ತಿ 1974ರ ಹೊತ್ತಿಗೆ ಭಾವ ಅದರ ದೊಡ್ಡ ಮ್ಯಾನೇಜರುಗಳಲ್ಲಿ ಒಬ್ಬರಾದರು. ಆಗಿನ್ನೂ ಬೊಂಬಾಯಿ ಎನ್ನುತ್ತಿದ್ದ ಊರಿನ ಮಲಬಾರ್ ಹಿಲ್ಲಿನಲ್ಲಿ ಮೂರನೆಯ ಮಹಡಿಯ ಮನೆ, ಕಿಟಕಿ ತೆರೆದರೆ ಸಮುದ್ರ. ಬಾಗಿಲಿಗೆ ಕಾರು, ಕಾರಿಗೆ ಡ್ರೈವರು. ಸಂಜೆ ಕ್ಲಬ್ಬು. ಹಾಸನದಲ್ಲಿ ಮೇಷ್ಟರಾಗಿದ್ದ ನಮ್ಮಪ್ಪ ಮೊದಲ ಸಲ ಆ ಮನೆಗೆ ಹೋದವರು ಚಪ್ಪಲಿಯನ್ನು ಎಲ್ಲಿ ಬಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಿದ್ದರಂತೆ.

ನಾನು ರಜಾಕ್ಕೆ ಹೋದಾಗ ನನಗೆ ವಿಚಿತ್ರವಾಗಿ ಕಂಡದ್ದು ಬೇರೆ. ಇಷ್ಟೆಲ್ಲ ವೈಭವವಿದ್ದ ಮನೆಯಲ್ಲಿ ಇಪ್ಪತ್ತನೇ ತಾರೀಕು ದಾಟಿದರೆ ಅಕ್ಕನ ಕೈಯಲ್ಲಿ ದುಡ್ಡಿರುತ್ತಿರಲಿಲ್ಲ. ಡ್ರೈವರ್ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದರೆ, ಇವಳು ಕೊತ್ತಂಬರಿ ಸೊಪ್ಪಿನವಳ ಜೊತೆ ಐದು ಪೈಸೆಗೆ ಚೌಕಾಸಿ ಮಾಡುತ್ತಿದ್ದಳು. “ಏನೇ ಇದು, ರಾಣಿ ಹಾಗಿದ್ದೀಯ, ಸೊಪ್ಪಿಗೆ ಜಗಳವಾಡ್ತೀಯಲ್ಲ” ಎಂದರೆ ಅಕ್ಕ ನಕ್ಕು, “ಕಾರು ಕಂಪನಿಯದು, ಸೊಪ್ಪು ನನ್ನದು” ಎಂದಿದ್ದಳು. ಆಗ ಅದು ತಮಾಷೆಯ ಮಾತು ಎಂದುಕೊಂಡಿದ್ದೆ.

ಈ ಕಾರು, ಬಂಗಲೆ, ಕ್ಲಬ್ಬುಗಳ ಮೂಲ ಬ್ರಿಟಿಷರ ಕಾಲದ್ದು. ಆಗ ಕಲ್ಕತ್ತೆ, ಬೊಂಬಾಯಿಗಳಲ್ಲಿ ವ್ಯಾಪಾರದ ಕಂಪನಿಗಳನ್ನು ನಡೆಸುತ್ತಿದ್ದ ಬಿಳಿಯರಿಗೆ ಬಾಕ್ಸ್‌ವಾಲಾ ಎಂಬ ಅಡ್ಡಹೆಸರಿತ್ತು. ದೂರದೇಶದಿಂದ ಬಂದ ಅವರಿಗೆ ಇಲ್ಲಿ ಮನೆಯಿಲ್ಲ, ಮಠವಿಲ್ಲ. ಹಾಗಾಗಿ ಕಂಪನಿಯೇ ಬಂಗಲೆ, ಅಡಿಗೆಯವನು, ಊರಿಗೆ ಹೋಗಿಬರುವ ಹಡಗಿನ ಖರ್ಚು ಎಲ್ಲವನ್ನೂ ನೋಡಿಕೊಳ್ಳುತ್ತಿತ್ತು. ಕೆಲಸ ಮುಗಿದ ಮೇಲೆ ಅವರು ತಮ್ಮೂರಿಗೆ ಹೊರಟುಹೋಗುತ್ತಿದ್ದರು, ಅಲ್ಲಿ ಅವರಿಗೆ ಸ್ವಂತ ಮನೆ ಇರುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೆ ಆ ಕುರ್ಚಿಗಳಲ್ಲಿ ನಿಧಾನವಾಗಿ ನಮ್ಮವರು ಕೂತರು. ಹಿಂದೂಸ್ತಾನ್ ಲೀವರಿನಂಥ ಕಂಪನಿಗೆ ಪ್ರಕಾಶ್ ಟಂಡನ್ ಮೊದಲ ಭಾರತೀಯ ಅಧ್ಯಕ್ಷರಾದದ್ದು 1961ರಲ್ಲಿ. ಕುರ್ಚಿಯ ಜೊತೆಗೆ ಬಂಗಲೆಯೂ ನಮ್ಮವರಿಗೆ ಬಂತು. ಆದರೆ ಕೆಲಸ ಮುಗಿದ ಮೇಲೆ ಹಡಗು ಹತ್ತಿ ಹೋಗಲು ನಮ್ಮವರಿಗೆ ಬೇರೆ ಊರೆಲ್ಲಿತ್ತು?

ಇನ್ನು ಸಂಬಳ. 1956ರ ಕಂಪನಿ ಕಾಯಿದೆ ಬಂದಾಗಲೇ, ಒಂದು ಪಬ್ಲಿಕ್ ಕಂಪನಿ ತನ್ನನ್ನು ನಡೆಸುವವರಿಗೆಲ್ಲ ಸೇರಿ ನಿವ್ವಳ ಲಾಭದಲ್ಲಿ ನೂರಕ್ಕೆ ಹನ್ನೊಂದಕ್ಕಿಂತ ಹೆಚ್ಚು ಕೊಡಬಾರದೆಂದು ಕಟ್ಟು ಮಾಡಿತ್ತು. ಮ್ಯಾನೇಜಿಂಗ್ ಏಜೆಂಟರು ಎಂಬ ಮನೆತನಗಳು ಕಂಪನಿಗಳ ಕೆನೆಯನ್ನೆಲ್ಲ ತಿನ್ನುತ್ತಿದ್ದುದಕ್ಕೆ ಹಾಕಿದ ಮೂಗುದಾರ ಅದು. ಆ ಏಜೆಂಟರ ಪದ್ಧತಿಯೇ 1970ರ ಏಪ್ರಿಲಿನಲ್ಲಿ ರದ್ದಾಯಿತು. ಅದರ ಹಿಂದಿನ ವರ್ಷವೇ, ಬ್ಯಾಂಕುಗಳ ರಾಷ್ಟ್ರೀಕರಣವಾದ 1969ರಲ್ಲಿ, ಸರ್ಕಾರ ಕಂಪನಿ ನಿರ್ದೇಶಕರ ಸಂಬಳಕ್ಕೆ ತಿಂಗಳಿಗೆ 7,500 ರೂಪಾಯಿಯ ಮಿತಿ ಹಾಕಿತು. ಜನತಾ ಸರ್ಕಾರ ಬಂದ ಮೇಲೆ, 1978ರಲ್ಲಿ, ಅದನ್ನೂ ಇಳಿಸಿ 5,000 ಮಾಡಿದರು. ನಮ್ಮ ಭಾವ ನಿರ್ದೇಶಕರಲ್ಲ. ಆದರೆ ಮೇಲಿನವರಿಗೇ ಮಿತಿ ಬಿದ್ದ ಮೇಲೆ ಕೆಳಗಿನವರ ಸಂಬಳ ಅದಕ್ಕಿಂತ ಒಂದೆರಡು ಮೆಟ್ಟಿಲು ಕೆಳಗೇ ತಾನೆ?

ಅದಕ್ಕಿಂತ ಬಿಗಿಯಾದದ್ದು ತೆರಿಗೆ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ವರ್ಷಕ್ಕೆ ಎರಡು ಲಕ್ಷ ದಾಟಿದ ವರಮಾನದ ಮೇಲೆ ಸರ್‌ಚಾರ್ಜೂ ಸೇರಿ ನೂರಕ್ಕೆ 97.75 ತೆರಿಗೆ ಇತ್ತು ಎಂದರೆ ಈಗಿನ ಮಕ್ಕಳು ನಂಬುವುದಿಲ್ಲ. ನೂರು ರೂಪಾಯಿ ಹೆಚ್ಚು ದುಡಿದರೆ ಕೈಗೆ ಉಳಿಯುವುದು ಎರಡೂಕಾಲು ರೂಪಾಯಿ! 1974ರಲ್ಲಿ ಅದು 77ಕ್ಕೆ ಇಳಿಯಿತು, 1976ರಲ್ಲಿ 66ಕ್ಕೆ. ನಮ್ಮ ಭಾವನ ಸಂಬಳ ಎರಡು ಲಕ್ಷದ ಹತ್ತಿರಕ್ಕೂ ಬಂದಿರಲಿಲ್ಲ ಅನ್ನಿ. ಆದರೆ ಕೆಳಗಿನ ಮೆಟ್ಟಿಲುಗಳೂ ಕಡಿದಾಗಿಯೇ ಇದ್ದವು. ಅಲ್ಲದೆ ನೌಕರನೊಬ್ಬನಿಗೆ ತಿಂಗಳಿಗೆ 5,000 ರೂಪಾಯಿಗಿಂತ ಹೆಚ್ಚು ಸಂಬಳ ಕೊಟ್ಟರೆ, ಆ ಹೆಚ್ಚಿನದನ್ನು ಕಂಪನಿ ತನ್ನ ಖರ್ಚು ಎಂದು ಲೆಕ್ಕದಲ್ಲಿ ತೋರಿಸುವಂತಿರಲಿಲ್ಲ.

ಹೀಗಿರುವಾಗ ಒಬ್ಬ ಒಳ್ಳೆಯ ಅಧಿಕಾರಿಯನ್ನು ಉಳಿಸಿಕೊಳ್ಳಬೇಕಾದ ಕಂಪನಿ ಏನು ಮಾಡಬೇಕು? ದುಡ್ಡು ಕೊಡುವ ಬದಲು ವಸ್ತು ಕೊಟ್ಟಿತು. ಮಲಬಾರ್ ಹಿಲ್ಲಿನ ಮನೆಯ ನಿಜವಾದ ಬಾಡಿಗೆ ಎಷ್ಟಾದರೂ ಇರಲಿ, ತೆರಿಗೆಯವರು ಸಾಮಾನ್ಯವಾಗಿ ಅದರ ಬೆಲೆಯನ್ನು ಸಂಬಳದ ನೂರಕ್ಕೆ ಹತ್ತರಷ್ಟು ಎಂದು ಹಿಡಿಯುತ್ತಿದ್ದರು. ಅದೇ ಬಾಡಿಗೆಯನ್ನು ನಗದಾಗಿ ಕೊಟ್ಟಿದ್ದರೆ ದೊಡ್ಡ ಪಾಲು ತೆರಿಗೆಗೆ ಹೋಗುತ್ತಿತ್ತು. ಸವಲತ್ತುಗಳಿಗೂ ಸರ್ಕಾರ ಮಿತಿ ಹಾಕಿತ್ತು, ಆದರೂ ಕಂಪನಿಗಳು ದಾರಿ ಕಂಡುಕೊಂಡವು. ಸರ್ಕಾರದ ಉದ್ದೇಶ ಶ್ರೀಮಂತ ಬಡವರ ಅಂತರ ಕಡಿಮೆ ಮಾಡುವುದು. ಅದನ್ನು ನಾನು ಇಂದಿಗೂ ತಪ್ಪೆನ್ನಲಾರೆ. ಆಗಿದ್ದು ಮಾತ್ರ, ಶ್ರೀಮಂತರಂತೆ ಬದುಕುವ, ಆದರೆ ಏನೂ ಸ್ವಂತದ್ದಿಲ್ಲದ ಒಂದು ಹೊಸ ಜಾತಿ ಹುಟ್ಟಿತು.

1974ರಲ್ಲಿ ಬಡ್ತಿಯಾದಾಗ ಕಂಪನಿಯವರು ಭಾವನನ್ನು ಕೇಳಿದ್ದರಂತೆ: ಚೆಂಬೂರಿನ ಕಡೆ ಸ್ವಂತ ಮನೆ ಕೊಳ್ಳಲು ಸಾಲ ಕೊಡುತ್ತೇವೆ, ಬಾಡಿಗೆ ಭತ್ಯೆ ತೆಗೆದುಕೊಳ್ಳಿ; ಇಲ್ಲವೆ ಮಲಬಾರ್ ಹಿಲ್ಲಿನ ಮನೆಗೆ ಬನ್ನಿ. ಭಾವ ಕಾಗದದ ಮೇಲೆ ಲೆಕ್ಕ ಹಾಕಿದರು. ತೆರಿಗೆ ಕಳೆದು ನೋಡಿದರೆ ಎರಡನೆಯದೇ ಲಾಭ. ಲೆಕ್ಕ ಸರಿಯಾಗಿಯೇ ಇತ್ತು. ಅಕ್ಕನನ್ನು ಮಾತ್ರ ಯಾರೂ ಕೇಳಲಿಲ್ಲ. ಆಗಿನ ಕಾಲದಲ್ಲಿ ಯಾರ ಮನೆಯಲ್ಲಿ ಕೇಳುತ್ತಿದ್ದರು ಹೇಳಿ?

ಇನ್ನೊಂದು ಸೂಕ್ಷ್ಮವಿತ್ತು. ಪ್ರಾವಿಡೆಂಟ್ ಫಂಡಾಗಲಿ, ಗ್ರಾಚುಟಿಯಾಗಲಿ ಲೆಕ್ಕ ಹಿಡಿಯುವುದು ಸಂಬಳದ ಮೇಲೆ. ಮನೆ, ಕಾರು, ಕ್ಲಬ್ಬಿನ ಮೇಲೆ ಅಲ್ಲ. ಸವಲತ್ತು ಬೆಳೆದಷ್ಟೂ ಬದುಕು ದೊಡ್ಡದಾಯಿತು, ಕೂಡಿಟ್ಟ ಗಂಟು ದೊಡ್ಡದಾಗಲಿಲ್ಲ. 1972ರ ಗ್ರಾಚುಟಿ ಕಾಯಿದೆ ತಿಂಗಳಿಗೆ 1,000 ರೂಪಾಯಿಗಿಂತ ಹೆಚ್ಚು ಸಂಬಳದವರನ್ನು ಹೊರಗೇ ಇಟ್ಟಿತ್ತು. ಆ ಮಿತಿ ಪೂರ್ತಿಯಾಗಿ ಹೋದದ್ದು 1994ರಲ್ಲಿ. ಅಲ್ಲಿಯವರೆಗೆ ದೊಡ್ಡ ಅಧಿಕಾರಿಗಳ ಗ್ರಾಚುಟಿ ಕಂಪನಿಯ ಕಟ್ಟಳೆಗೆ ಬಿಟ್ಟದ್ದು. ಕಾರ್ಖಾನೆಯ ಕೂಲಿಯವನಿಗೆ ಇದ್ದ ಕಾಯಿದೆಯ ಆಸರೆ ಅವನ ಸಾಹೇಬನಿಗಿರಲಿಲ್ಲ.

ಎರಡನೆಯ ಪಟ್ಟಿ ಮನೆಗೆ ಬಂದದ್ದು 1976ರಲ್ಲಿ. ಅದರ ಹಿಂದಿನ ವರ್ಷದಿಂದ ಸರ್ಕಾರ ಒಂದು ನಿಯಮ ತಂದಿತ್ತು. ತಿಂಗಳಿಗೆ 3,000 ರೂಪಾಯಿ ಮತ್ತು ಮೇಲ್ಪಟ್ಟು ಪಡೆಯುವ ಪ್ರತಿಯೊಬ್ಬ ನೌಕರನ ಹೆಸರನ್ನೂ ಸಂಬಳವನ್ನೂ ಕಂಪನಿ ತನ್ನ ವಾರ್ಷಿಕ ವರದಿಯ ಜೊತೆ ಅಚ್ಚು ಹಾಕಿಸಬೇಕು. ಆ ವರದಿ ಶೇರುದಾರರಿಗೆಲ್ಲ ಅಂಚೆಯಲ್ಲಿ ಬರುತ್ತಿತ್ತು. ಕೆಳಮಹಡಿಯಲ್ಲಿ ಒಬ್ಬ ವಯಸ್ಸಾದ ಪಾರ್ಸಿ ಹೆಂಗಸಿದ್ದರು. ಅವರ ಹತ್ತಿರ ಕಂಪನಿಯ ಒಂದಷ್ಟು ಶೇರುಗಳಿದ್ದವು. ಒಂದು ಮಧ್ಯಾಹ್ನ ಅಕ್ಕನನ್ನು ಕರೆದು, “ನಿನ್ನ ಗಂಡನ ಹೆಸರು ಪುಸ್ತಕದಲ್ಲಿ ಬಂದಿದೆ ನೋಡು ಡೀಕ್ರಿ” ಎಂದು ಕನ್ನಡಕ ಏರಿಸಿ ತೋರಿಸಿದರಂತೆ.

ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಅಕ್ಕನಿಗೆ ಗಂಡನ ಸಂಬಳ ತಿಳಿದದ್ದು ಹೀಗೆ. ಪಟ್ಟಿಯಲ್ಲಿದ್ದದ್ದು ವರ್ಷಕ್ಕೆ 61,000 ಚಿಲ್ಲರೆ. ಮನೆಗೆ ಬರುತ್ತಿದ್ದುದು ತಿಂಗಳಿಗೆ ಎರಡು ಸಾವಿರದ ಆಚೀಚೆ. ಮಿಕ್ಕದ್ದೆಲ್ಲಿ ಹೋಯಿತು ಎಂದು ಅವಳಿಗೆ ಗಾಬರಿ. ಬೇರೆ ಯಾವುದಾದರೂ ಮನೆ ಇದೆಯೋ ಎಂಬಲ್ಲಿಗೂ ಹೋಯಿತಂತೆ ಪಾಪ ಅವಳ ಯೋಚನೆ! ರಾತ್ರಿ ಊಟಕ್ಕೆ ಬಡಿಸುತ್ತ ಕೇಳಿಯೇ ಬಿಟ್ಟಳು. ಭಾವ ಮೊದಲು ಸಿಡುಕಿದರು. ಆಮೇಲೆ ಎಲೆಯ ಮುಂದೆಯೇ ಪೆನ್ನು ತರಿಸಿ ಬರೆದು ತೋರಿಸಿದರು: ಇಷ್ಟು ತೆರಿಗೆ, ಇಷ್ಟು ಫಂಡು, ಇಷ್ಟು ಸರ್ಕಾರದ ಕಡ್ಡಾಯ ಠೇವಣಿ, ಮಿಕ್ಕಿದ್ದು ನೀನು ಕೂತಿರುವ ಈ ಮನೆ, ಕೆಳಗೆ ನಿಂತಿರುವ ಆ ಕಾರು. ಅಕ್ಕ ಆ ಹಾಳೆಯನ್ನು ಪಾರ್ಸಿ ಅಜ್ಜಿಯ ಹತ್ತಿರ ಕೇಳಿ ಪಡೆದು ಇಟ್ಟುಕೊಂಡಳು.

ಆ ಅಜ್ಜಿಯ ಸಹವಾಸದಿಂದ ಇನ್ನೊಂದು ಕೆಲಸವಾಯಿತು. 1973ರ ವಿದೇಶಿ ವಿನಿಮಯ ಕಾಯಿದೆ, ಫೆರಾ ಎನ್ನುತ್ತಿದ್ದರು, ವಿಲಾಯಿತಿ ಕಂಪನಿಗಳಲ್ಲಿ ಹೆಚ್ಚಿನವು ತಮ್ಮ ಪಾಲನ್ನು ನೂರಕ್ಕೆ ನಲವತ್ತಕ್ಕೆ ಇಳಿಸಬೇಕೆಂದಿತು. ಹಾಗಾಗಿ 1977ರಿಂದ ಮೂರ್ನಾಲ್ಕು ವರ್ಷ ಒಂದಾದ ಮೇಲೊಂದು ಕಂಪನಿ ಜನರಿಗೆ ಶೇರು ಮಾರಿತು. ಬೆಲೆ ಕಟ್ಟುತ್ತಿದ್ದುದು ಸರ್ಕಾರದ ಒಬ್ಬ ನಿಯಂತ್ರಕ, ಅದೂ ಬಹಳ ಕಡಿಮೆಗೆ. ಅಕ್ಕ ಸೊಪ್ಪಿನ ಚೌಕಾಸಿಯಲ್ಲಿ ಉಳಿಸಿದ ದುಡ್ಡಿನಲ್ಲಿ, ತನ್ನ ಹೆಸರಿನಲ್ಲಿ, ಭಾವನ ಕಂಪನಿಯ ನೂರು ಶೇರಿಗೆ ಅರ್ಜಿ ಹಾಕಿದಳು. ಭಾವ ನಕ್ಕರು. ತಾವು ಹಾಕಲಿಲ್ಲ.

1982ರ ಜೂನಿನಲ್ಲಿ, ಮಳೆ ಹಿಡಿದ ಒಂದು ಬೆಳಿಗ್ಗೆ, ಆಫೀಸಿಗೆ ಹೊರಟ ಭಾವ ಮೆಟ್ಟಿಲ ಮೇಲೆ ಕುಸಿದರು. ಐವತ್ತೊಂದು ವರ್ಷ. ಮಗಳಿಗೆ ಹದಿನೇಳು.

ಆ ದಿನಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕಾರು ಹನ್ನೊಂದನೆಯ ದಿನಕ್ಕೆ ಹೋಯಿತು. ಮನೆಗೆ ಮೂರು ತಿಂಗಳ ಗಡುವು ಕೊಟ್ಟರು; ಮಗಳ ಪರೀಕ್ಷೆ ಮುಗಿಯುವವರೆಗೆ ಎಂದು ಕೇಳಿಕೊಂಡದ್ದಕ್ಕೆ ಇನ್ನು ಆರು ತಿಂಗಳು ಬಿಟ್ಟರು. ಕಂಪನಿಯವರು ಕೆಟ್ಟವರಾಗಿರಲಿಲ್ಲ. ಆದರೆ ಆ ಮನೆಗೆ ಇನ್ನೊಬ್ಬ ಮ್ಯಾನೇಜರು ಕಾದಿದ್ದರು, ಅವರ ಹೆಂಡತಿ ಒಂದು ಸಲ ಬಂದು ಪರದೆಗಳ ಅಳತೆಯನ್ನೂ ತೆಗೆದುಕೊಂಡು ಹೋಗಿದ್ದರು.

ಅಕ್ಕನ ಕೈಗೆ ಏನು ಬಂತು? ಫಂಡು, ಕಂಪನಿಯ ಕಟ್ಟಳೆಯಂತೆ ಗ್ರಾಚುಟಿ, ಎರಡು ವಿಮಾ ಪಾಲಿಸಿ. ಭಾವ ಹಿಂದೊಮ್ಮೆ ತಮ್ಮನ ವ್ಯಾಪಾರದ ಸಾಲಕ್ಕೆ ಜಾಮೀನು ನಿಂತಿದ್ದರು. ವ್ಯಾಪಾರ ಮುಳುಗಿತ್ತು. ಸಾಲ ಕೊಟ್ಟವರು ಈಗ ಅಕ್ಕನ ಬಾಗಿಲಿಗೆ ಬಂದರು. ಒಂದು ಪಾಲಿಸಿ ಮದುವೆಗೆ ಮೊದಲಿನದು. ಅದರಲ್ಲಿ ನಾಮಿನಿ ಎಂದು ಭಾವನ ತಾಯಿಯ ಹೆಸರಿತ್ತು, ಇಪ್ಪತ್ತು ವರ್ಷ ಯಾರೂ ಬದಲಿಸಿರಲಿಲ್ಲ. ಅದರ ಹಣ ಅತ್ತೆಯ ಕೈಗೆ ಹೋಯಿತು, ಅಲ್ಲಿಂದ ಮೈದುನನ ಕೈಗೆ. ನಾಮಿನಿ ಎಂದರೆ ಹಣ ಪಡೆದು ವಾರಸುದಾರರಿಗೆ ಹಂಚಬೇಕಾದವರು ಮಾತ್ರ, ಅವರೇ ಒಡೆಯರಲ್ಲ ಎಂದು ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದ್ದು 1983ರ ಡಿಸೆಂಬರಿನಲ್ಲಿ, ಶರ್ಬತಿ ದೇವಿ ಎಂಬಾಕೆಯ ಮೊಕದ್ದಮೆಯಲ್ಲಿ. ಅಷ್ಟು ಹೊತ್ತಿಗೆ ಅಕ್ಕನಿಗೆ ಕೋರ್ಟಿಗೆ ಹೋಗುವ ಮನಸ್ಸೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಹೆಂಡತಿ, ಗಂಡ, ಮಕ್ಕಳು, ತಂದೆತಾಯಿ ನಾಮಿನಿಯಾಗಿದ್ದರೆ ವಿಮೆಯ ಹಣ ಅವರದೇ ಎಂದು ಕಾಯಿದೆ ಬದಲಾದದ್ದು 2015ರಲ್ಲಿ.

ಅವಳನ್ನು ಉಳಿಸಿದ್ದು ಎರಡನೆಯ ಪಾಲಿಸಿ. ಮದುವೆಯ ವರ್ಷ ಹಾಸನದಲ್ಲಿ ನಮ್ಮಪ್ಪನ ಸ್ನೇಹಿತರಾದ ಏಜೆಂಟರೊಬ್ಬರು ಮಾಡಿಸಿದ್ದು. ಅವರು ಅರ್ಜಿಯ ಜೊತೆ ಇನ್ನೊಂದು ಹಾಳೆ ಸೇರಿಸಿ ಭಾವನ ಸಹಿ ಹಾಕಿಸಿದ್ದರು. 1874ರಷ್ಟು ಹಿಂದೆ ಬ್ರಿಟಿಷರು ಮಾಡಿದ ಒಂದು ಕಾಯಿದೆ ಇದೆ, ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆ ಎಂದು. ಅದರ ಆರನೆಯ ಕಲಮಿನಂತೆ, ಗಂಡ ತನ್ನ ಜೀವದ ಮೇಲೆ ಹೆಂಡತಿ ಮಕ್ಕಳ ಸಲುವಾಗಿ ಎಂದು ಬರೆದು ಮಾಡಿಸಿದ ವಿಮೆ ಅವರ ಪಾಲಿನ ನ್ಯಾಸವಾಗುತ್ತದೆ. ಅದನ್ನು ಗಂಡನ ಸಾಲಗಾರರು ಮುಟ್ಟುವಂತಿಲ್ಲ, ಗಂಡನೂ ಆಮೇಲೆ ಮನಸ್ಸು ಬದಲಿಸುವಂತಿಲ್ಲ. ಹಿಂದೂ, ಮುಸ್ಲಿಂ, ಸಿಖ್, ಜೈನ ಕುಟುಂಬಗಳಿಗೂ ಇದು ಅನ್ವಯಿಸುತ್ತದೆಂದು 1923ರ ತಿದ್ದುಪಡಿ ನಿಸ್ಸಂದೇಹ ಮಾಡಿತು. ಸಾಲ ಕೊಟ್ಟವರ ವಕೀಲರು ಆ ಹಾಳೆ ನೋಡಿ ಸುಮ್ಮನೆ ವಾಪಸು ಹೋದರು. ಈ ಕಾಯಿದೆ ಇಂದಿಗೂ ಇದೆ. ಪಾಲಿಸಿ ಕೊಳ್ಳುವಾಗಲೇ ಕೇಳಬೇಕು, ಆಮೇಲೆ ಸೇರಿಸಲು ಬರುವುದಿಲ್ಲ. ಮಾಡಿಸಿದವರು ಎಷ್ಟು ಜನ ಎಂದು ನಮ್ಮ ಬೀದಿಯಲ್ಲಿ ಕೇಳಿನೋಡಿದೆ. ಒಬ್ಬರೂ ಇರಲಿಲ್ಲ.

ಅಕ್ಕ ಮಗಳೊಂದಿಗೆ ಹಾಸನಕ್ಕೆ ಬಂದು ಅಪ್ಪನ ಮನೆಯ ಹಿಂದಿನ ಎರಡು ಕೋಣೆಗಳಲ್ಲಿದ್ದಳು. ಆ ನೂರು ಶೇರು ಬೋನಸ್ಸಿನ ಮೇಲೆ ಬೋನಸ್ಸು ಸೇರಿ ಬೆಳೆಯುತ್ತಿತ್ತು. 1992ರ ಮಾರ್ಚಿನಲ್ಲಿ ತನ್ನದೇ ಒಂದು ಪುಟ್ಟ ಮನೆಗೆ ತಾರಸಿ ಹಾಕಿಸಲು ಅದರಲ್ಲಿ ಅರ್ಧ ಮಾರಿದಳು. ಮುಂದಿನ ತಿಂಗಳೇ ಹರ್ಷದ್ ಮೆಹ್ತಾನ ಹಗರಣ ಹೊರಬಿದ್ದು ಪೇಟೆ ಕುಸಿಯಿತು. “ನಿನಗೆ ಹೇಗೆ ಗೊತ್ತಾಯಿತು?” ಎಂದು ಎಲ್ಲರೂ ಕೇಳುವವರೇ. ಗಾರೆಯವನು ದುಡ್ಡಿಗೆ ಬಾಗಿಲಲ್ಲಿ ನಿಂತಿದ್ದ, ಅಷ್ಟೆ.

ಅಷ್ಟರಲ್ಲಿ ಕಾಲವೂ ಮಗ್ಗುಲು ಬದಲಿಸಿತ್ತು. 1985ರಲ್ಲಿ ಗರಿಷ್ಠ ತೆರಿಗೆಯ ದರ ನೂರಕ್ಕೆ ಐವತ್ತಕ್ಕೆ ಬಂತು, 1997ರಲ್ಲಿ ಮೂವತ್ತಕ್ಕೆ. 1993ರಲ್ಲಿ ಲಾಭದಲ್ಲಿರುವ ಕಂಪನಿಗಳ ಮಟ್ಟಿಗೆ ನಿರ್ದೇಶಕರ ಸಂಬಳದ ರೂಪಾಯಿ ಲೆಕ್ಕದ ಮಿತಿ ಹೋಗಿ, ಲಾಭದ ಶೇಕಡಾ ಲೆಕ್ಕ ಮಾತ್ರ ಉಳಿಯಿತು. ಬೆಂಗಳೂರಿನಲ್ಲಿ ಇನ್ಫೋಸಿಸ್ 1994ರಲ್ಲಿ ನೌಕರರಿಗೆ ಶೇರು ಕೊಡುವ ಯೋಜನೆ ತಂದಿತು. ಕೆಲಸದವನೂ ಒಡೆಯನಾಗಬಹುದು ಎಂಬ ಮಾತು ಹಬ್ಬಿತು.

ಅಕ್ಕನ ಮಗಳು ಆಗ ಬೆಂಗಳೂರಿನ ಇನ್ನೊಂದು ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಹುದ್ದೆಗೆ ಬಂದಿದ್ದಳು. 1999ರ ದೀಪಾವಳಿಗೆ ಬಂದವಳು ಎರಡು ಪತ್ರಗಳನ್ನು ನಮ್ಮ ಮುಂದಿಟ್ಟಳು. ಒಂದರಲ್ಲಿ ಸಂಬಳ ಹೆಚ್ಚು. ಇನ್ನೊಂದರಲ್ಲಿ ಸಂಬಳ ಕಡಿಮೆ, ಶೇರು ಕೊಳ್ಳುವ ಹಕ್ಕು ಬಹಳ. ಈ ಸಲ ಅಕ್ಕನನ್ನು ಕೇಳುವವರಿದ್ದರು! ಅಕ್ಕ ಸೌತೆಕಾಯಿ ಹೆಚ್ಚುತ್ತ, “ನಾಳೆ ಕೆಲಸ ಬಿಟ್ಟರೆ ಆ ಶೇರು ನಿನ್ನದೇನೆ?” ಎಂದಳು.

“ಇಲ್ಲಮ್ಮ, ನಾಲ್ಕು ವರ್ಷ ಇರಬೇಕು. ವರ್ಷಕ್ಕೆ ಇಷ್ಟಿಷ್ಟು ಅಂತ ನನ್ನದಾಗುತ್ತೆ.”

“ಹಾಗಾದರೆ ಇದೂ ಕ್ವಾರ್ಟರ್ಸೇ.”

ಮಗಳು ನನ್ನ ಕಡೆ ತಿರುಗಿ, “ನೋಡಿ ಚಿಕ್ಕಮ್ಮ, ಅಮ್ಮನಿಗೆ ಎಲ್ಲದರಲ್ಲೂ ಮಲಬಾರ್ ಹಿಲ್ಲೇ ಕಾಣುತ್ತೆ” ಎಂದು ನಕ್ಕಳು. ಶೇರನ್ನೇ ಆರಿಸಿದಳು. ಆದರೆ ತಾಯಿಯ ಮಾತು ಎಲ್ಲೋ ತಾಕಿರಬೇಕು. ಅದೇ ವರ್ಷ ಬ್ಯಾಂಕಿನಲ್ಲಿ ಸಾಲ ಮಾಡಿ ಜಯನಗರದಲ್ಲಿ ತನ್ನ ಹೆಸರಿಗೊಂದು ಮನೆ ಕೊಂಡಳು. 2001ರಲ್ಲಿ ಅಮೆರಿಕದ ಪೇಟೆಯ ಜೊತೆ ಇಲ್ಲಿಯದೂ ಬಿತ್ತು. ಅವಳು ಕೊಳ್ಳಬೇಕಾದ ಬೆಲೆಗಿಂತ ಪೇಟೆಯ ಬೆಲೆಯೇ ಕೆಳಗಿಳಿದು ಆ ಹಕ್ಕಿನ ಕಾಗದಕ್ಕೆ ಕಾಸಿನ ಬೆಲೆ ಇಲ್ಲವಾಯಿತು. ಆಮೇಲಿನ ವರ್ಷಗಳಲ್ಲಿ ಸಿಕ್ಕ ಶೇರುಗಳಿಂದ ಲಾಭವೂ ಆಯಿತು ಅನ್ನಿ. ಅವನ್ನು ಅವಳು ಕೈಗೆ ಬಂದ ಕೂಡಲೇ ಮಾರುತ್ತಿದ್ದಳು. ಸಂಬಳವೂ ಅದೇ ಕಂಪನಿ, ಉಳಿತಾಯವೂ ಅದೇ ಕಂಪನಿ ಎಂದರೆ ರಾತ್ರಿ ನಿದ್ದೆ ಬರುವುದಿಲ್ಲ ಎನ್ನುತ್ತಿದ್ದಳು. 2009ರಿಂದ ಅದರಲ್ಲೂ ಹೊಸ ಕಟ್ಟಳೆ ಬಂತು. ಶೇರು ಮಾರದಿದ್ದರೂ, ಕೊಂಡ ದಿನದ ಲಾಭವನ್ನು ಸಂಬಳವೆಂದೇ ಎಣಿಸಿ ತೆರಿಗೆ ಕಟ್ಟಬೇಕು. ಕೈಗೆ ಕಾಸು ಬಾರದೆ ತೆರಿಗೆ! ಎಪ್ಪತ್ತರಲ್ಲಿ ಇದು ತಿರುಗುಮುರುಗಾಗಿತ್ತು.

ಸಂಬಳದ ಪಟ್ಟಿ ಹಾಕುವ ಪದ್ಧತಿ ನಿಂತಿಲ್ಲ. 2013ರ ಹೊಸ ಕಂಪನಿ ಕಾಯಿದೆ, ಶೇರುಪೇಟೆಯಲ್ಲಿರುವ ಕಂಪನಿಗಳು ಪ್ರತಿ ನಿರ್ದೇಶಕನ ಸಂಬಳ ನಡುಮಟ್ಟದ ನೌಕರನ ಸಂಬಳದ ಎಷ್ಟು ಪಟ್ಟು ಎಂದು ಬರೆಯಬೇಕೆನ್ನುತ್ತದೆ. 1975ರಲ್ಲಿ ಹೆಸರು ಅಚ್ಚಾಗಲು ತಿಂಗಳಿಗೆ 3,000 ಸಾಕಿತ್ತು. 2016ರಲ್ಲಿ ಆ ಗೆರೆ ವರ್ಷಕ್ಕೆ ಒಂದು ಕೋಟಿ ಎರಡು ಲಕ್ಷಕ್ಕೆ ಏರಿತು. ಮರುವರ್ಷದ ಪಟ್ಟಿಯಲ್ಲಿ ಅಕ್ಕನ ಮಗಳ ಹೆಸರು ಬಂದಿತ್ತು. ನೋಡಲು ಅಕ್ಕ ಇರಲಿಲ್ಲ. ಆ ಹಾಳೆಯನ್ನೂ ಅದೇ ಲಕೋಟೆಯಲ್ಲಿಟ್ಟಿದ್ದೇನೆ.

ಮೊದಲನೆಯ ಪಟ್ಟಿಯ ವಿಷಯ ಹೇಳಲೇ ಇಲ್ಲ. 1983ರ ಮಾರ್ಚಿನಲ್ಲಿ ಮನೆ ಖಾಲಿ ಮಾಡುವ ದಿನ ನಾನೂ ಅಲ್ಲಿದ್ದೆ. ಕಂಪನಿಯ ಗುಮಾಸ್ತರೊಬ್ಬರು ಆ ನಾಲ್ಕು ಹಾಳೆ ಹಿಡಿದು ಬಂದರು. ತುಂಬ ಸಂಕೋಚದ ಮನುಷ್ಯ. ಫ್ಯಾನು, ಪರದೆ, ತಟ್ಟೆ ಎಲ್ಲ ಎಣಿಸಿ ಗುರುತು ಹಾಕಿದರು. ಚಮಚ ಹನ್ನೊಂದೇ ಇದ್ದವು. “ಬಿಡಿ ಅಮ್ಮಾ, ನಾನು ಬರೆದುಕೊಳ್ಳುತ್ತೇನೆ” ಎಂದರು. ಅಕ್ಕ ಒಪ್ಪಲಿಲ್ಲ. ಪುಸ್ತಕದಲ್ಲಿದ್ದ ಬೆಲೆ ಆರು ರೂಪಾಯಿ ಎಣಿಸಿ ಕೊಟ್ಟು, ರಸೀದಿ ಬೇಕೇಬೇಕೆಂದು ಬರೆಸಿಕೊಂಡಳು.

ಹಾಸನಕ್ಕೆ ಬಂದು ವರ್ಷವಾದ ಮೇಲೆ ಮಾವಿನಕಾಯಿ ಉಪ್ಪಿನಕಾಯಿಯ ಜಾಡಿ ತೊಳೆಯುವಾಗ ತಳದಲ್ಲಿ ಆ ಹನ್ನೆರಡನೆಯ ಚಮಚ ಸಿಕ್ಕಿತು. ಹಿಡಿಯ ಮೇಲೆ ಕಂಪನಿಯ ಹೆಸರಿನ ಎರಡಕ್ಷರ. ಕಳಿಸಿಬಿಡೋಣವೇನೆ ಎಂದೆ. ಅಕ್ಕ ಅದನ್ನು ಸೆರಗಿನಲ್ಲಿ ಒರೆಸಿ, ಭಾವ ಹೋದ ಮೇಲೆ ಮೊದಲ ಸಲ ಬಾಯಿ ತುಂಬ ನಕ್ಕಳು.

“ಯಾಕೆ ಕಳಿಸಲಿ? ಅಷ್ಟು ದೊಡ್ಡ ಮನೆಯಲ್ಲಿ ಇದೊಂದೇ ನಮ್ಮದು. ರಸೀದಿ ಇದೆ.”